ಗುಡ್ಡದ ತುದಿಯ ಸಿಗ್ನಲ್ ಮತ್ತು ಗ್ಲಾಸ್ಗೋದ ಮಾತು: ಕೇಂದ್ರ ಪರಿಸರ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು,
ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ,
ಭಾರತ ಸರ್ಕಾರ, ನವದೆಹಲಿ.

ವಿಷಯ: ಕೊರೊನಾ ಕಾಲದಲ್ಲಿ ಜನರ ಗೈರುಹಾಜರಿಯಲ್ಲಿ ನಡೆದ ಪರಿಸರ ಸಂಬಂಧಿ ನಿರ್ಧಾರಗಳ ಮರುಪರಿಶೀಲನೆ ಹಾಗೂ ಮುಂದಿನ ತುರ್ತು ಸಂದರ್ಭಗಳಿಗೆ ನಿಯಮ ರೂಪಿಸುವ ಕುರಿತು.

ಮಾನ್ಯರೇ,

ನಾನು ಶರಾವತಿ ಕಣಿವೆಯ ಒಂದು ಹಳ್ಳಿಯವನು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿ, ಈಗ ಇರುವ ಒಂದೂವರೆ ಎಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಯಾವ ಸಂಘಟನೆಯ ಪದಾಧಿಕಾರಿಯೂ ಅಲ್ಲ, ಯಾವ ಮೊಕದ್ದಮೆಯ ಅರ್ಜಿದಾರನೂ ಅಲ್ಲ. 2020 ಮತ್ತು 2021ರಲ್ಲಿ ನಮ್ಮ ಊರಿನಲ್ಲಿ ಕಣ್ಣಾರೆ ಕಂಡದ್ದನ್ನೂ, ಅದೇ ಹೊತ್ತಿನಲ್ಲಿ ದೆಹಲಿಯಿಂದ ಹೊರಬಿದ್ದ ಕಾಗದಪತ್ರಗಳಲ್ಲಿ ಆಮೇಲೆ ಓದಿ ತಿಳಿದದ್ದನ್ನೂ ಒಟ್ಟಿಗಿಟ್ಟು ನೋಡಿದಾಗ ಹುಟ್ಟಿದ ಒಂದು ದೂರನ್ನು ತಮ್ಮ ಮುಂದಿಡುತ್ತಿದ್ದೇನೆ. ಇಷ್ಟು ವರ್ಷಗಳ ಹಿಂದಿನ ಸಂಗತಿಯನ್ನು ಈಗೇಕೆ ಕೆದಕುವುದು ಎಂದು ತಮಗನ್ನಿಸಬಹುದು. ಆಗ ಶುರುವಾದ ರೂಢಿ ಇನ್ನೂ ನಿಂತಿಲ್ಲವಾದ್ದರಿಂದ ಕೆದಕಬೇಕಾಗಿದೆ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತು. ಜೋಗದ ಕಡೆಗೆ ಹೋಗುವ ರಸ್ತೆಯಲ್ಲಿ ಹಗಲು ಹೊತ್ತಿನಲ್ಲೂ ವಾಹನದ ಸದ್ದಿಲ್ಲ. ಕತ್ತಲಾದ ಮೇಲೆ ಮಾತ್ರ ಕಾಣುತ್ತಿದ್ದ ಕಾಡುಕೋಣಗಳು ಬೆಳಿಗ್ಗೆ ಎಂಟು ಗಂಟೆಗೆ ಡಾಂಬರು ದಾಟಿ ತೋಟಕ್ಕೆ ಇಳಿದವು. ಜಲಂಧರದ ಮನೆಗಳ ತಾರಸಿಯಿಂದ ಧೌಲಾಧಾರ್ ಪರ್ವತಶ್ರೇಣಿ ಕಾಣಿಸಿತೆಂದು ಟಿ.ವಿ.ಯಲ್ಲಿ ತೋರಿಸಿದರು. ಭೂಮಿ ಗುಣವಾಗುತ್ತಿದೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ವಿಜ್ಞಾನ ಪಾಠ ಮಾಡಿದ ನಾನೂ ಒಂದೆರಡು ವಾರ ಅದನ್ನು ನಂಬಿದ್ದೆನೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಅದೇ ವರ್ಷದ ಮೇ ತಿಂಗಳಲ್ಲಿ ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 417 ಭಾಗದಷ್ಟು ದಾಖಲಾಯಿತು. ಅಲ್ಲಿಯವರೆಗಿನ ಅಳತೆಗಳಲ್ಲೇ ಅದು ಅತಿ ಹೆಚ್ಚು. ಏಪ್ರಿಲ್ ಮೊದಲ ಭಾಗದಲ್ಲಿ ಜಗತ್ತಿನ ದಿನದ ಹೊರಸೂಸುವಿಕೆ ಹಿಂದಿನ ವರ್ಷದ ಸರಾಸರಿಗಿಂತ ಸುಮಾರು ಶೇ 17ರಷ್ಟು ಇಳಿದಿತ್ತೆಂಬುದು ನಿಜ. ಆದರೆ ಇಡೀ ವರ್ಷದ ಲೆಕ್ಕ ತೆಗೆದಾಗ ಇಳಿಕೆ ಶೇ 5ರ ಆಸುಪಾಸಿಗೆ ಬಂದು ನಿಂತಿತು, ಮರುವರ್ಷ ಬಹುತೇಕ ಹಳೆಯ ಮಟ್ಟಕ್ಕೇ ಮರಳಿತು. ತಾಪಮಾನದ ಏರಿಕೆಯನ್ನು 1.5 ಡಿಗ್ರಿಯಲ್ಲಿ ತಡೆಯಬೇಕಾದರೆ 2020ರಿಂದ 2030ರವರೆಗೆ ಪ್ರತಿ ವರ್ಷವೂ ಶೇ 7.6ರಷ್ಟು ಇಳಿಸಬೇಕೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2019ರಲ್ಲೇ ಹೇಳಿತ್ತು. ನಮ್ಮ ಕಡೆ ಗುಡ್ಡದ ಅಬ್ಬಿಯ ನೀರು ದಬ್ಬೆಯಲ್ಲಿ ಹರಿದು ಬಂದು ಮನೆಯ ತೊಟ್ಟಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಧಾರೆ ಸಣ್ಣಗಾದ ಮಾತ್ರಕ್ಕೆ ತೊಟ್ಟಿಯಲ್ಲಿರುವ ನೀರು ಇಳಿಯುವುದಿಲ್ಲ, ತುಂಬುವುದು ತುಸು ನಿಧಾನವಾಗುತ್ತದೆ ಅಷ್ಟೇ. ವಲಸೆ ಕಾರ್ಮಿಕರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಕಿಲೋಮೀಟರ್ ನಡೆದ ವರ್ಷದಲ್ಲಿ ವಾತಾವರಣಕ್ಕೆ ಆದ ಉಪಕಾರ ಇಷ್ಟೇ. ಅದನ್ನು ಪರಿಸರಕ್ಕಾದ ಲಾಭವೆಂದು ಇನ್ನು ಯಾವ ಸರ್ಕಾರಿ ಭಾಷಣದಲ್ಲೂ ಕೇಳಿಸದಿರಲಿ ಎಂಬುದು ನನ್ನ ಮೊದಲ ಮನವಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಸೋಂಕು ಹಬ್ಬಿದಾಗ ಜಗತ್ತಿನ ಹವಾಮಾನ ಮಾತುಕತೆಗಳೆಲ್ಲ ನಿಂತವು. 2020ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಸೇರಬೇಕಿದ್ದ 26ನೆಯ ಹವಾಮಾನ ಶೃಂಗಸಭೆಯನ್ನು ಏಪ್ರಿಲ್ 1ರಂದೇ ಮುಂದೂಡಲಾಯಿತು. ಅದು ನಡೆದದ್ದು ಒಂದು ವರ್ಷ ತಡವಾಗಿ. ಚೀನಾದ ಕುನ್‌ಮಿಂಗ್‌ನಲ್ಲಿ ನಡೆಯಬೇಕಿದ್ದ ಜೀವವೈವಿಧ್ಯ ಸಮ್ಮೇಳನ ಮುಂದಕ್ಕೆ ಹೋಗುತ್ತ ಹೋಗುತ್ತ 2022ರ ಡಿಸೆಂಬರ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಮುಗಿಯಿತು. ಈ ವಿಳಂಬದಿಂದ ಆದ ನಷ್ಟದ ಬಗ್ಗೆ ಬಹಳ ಜನ ಬರೆದಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೊಂದು ಸಂಗತಿ. 2021ರ ಮೇ 31ರಿಂದ ಜೂನ್ 17ರವರೆಗೆ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಸಹಾಯಕ ಮಂಡಳಿಗಳು ವಿಡಿಯೊ ಮೂಲಕ ಮೂರು ವಾರ ಸಭೆ ನಡೆಸಿದವು. ಆದರೆ ಆ ಮೂರು ವಾರದಲ್ಲಿ ಒಂದೇ ಒಂದು ಔಪಚಾರಿಕ ನಿರ್ಧಾರವನ್ನೂ ಕೈಗೊಳ್ಳಲಿಲ್ಲ. ಚರ್ಚೆಯ ಸಾರವನ್ನು ಅನೌಪಚಾರಿಕ ಟಿಪ್ಪಣಿಗಳಾಗಿ ಬರೆದಿಟ್ಟುಕೊಂಡು ಎದ್ದರು. ಎಷ್ಟೋ ದೇಶಗಳಲ್ಲಿ ಅಂತರ್ಜಾಲ ಸರಿಯಿಲ್ಲ, ಒಬ್ಬರಿಗೆ ಹಗಲಾದರೆ ಇನ್ನೊಬ್ಬರಿಗೆ ನಡುರಾತ್ರಿ, ಮಾತು ಅರ್ಧದಲ್ಲಿ ಕಡಿದುಹೋದವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ನ್ಯಾಯವಲ್ಲ ಎಂಬ ಅಭಿವೃದ್ಧಿಶೀಲ ರಾಷ್ಟ್ರಗಳ ಆಕ್ಷೇಪಕ್ಕೆ ಅಲ್ಲಿ ಬೆಲೆಯಿತ್ತು. ಪರದೆಯ ಮೇಲೆ ಮಾತಾಡಬಹುದು, ಆದರೆ ಪರದೆಯ ಮೇಲೆ ತೀರ್ಮಾನಿಸಬಾರದು ಎಂಬ ಈ ವಿವೇಕ ನನಗೆ ಬಹಳ ಹಿಡಿಸಿತು.

ಈಗ ಅದೇ ಕಾಲದಲ್ಲಿ ನಮ್ಮ ದೇಶದೊಳಗೆ ನಡೆದದ್ದನ್ನು ನೋಡಿ. ಲಾಕ್‌ಡೌನ್ ಘೋಷಣೆಯಾಗಿ ಎರಡು ವಾರವೂ ತುಂಬಿರಲಿಲ್ಲ. 2020ರ ಏಪ್ರಿಲ್ 7ರಂದು ಪರಿಸರ ಸಚಿವರ ಅಧ್ಯಕ್ಷತೆಯ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ವಿಡಿಯೊ ಮೂಲಕ ಸೇರಿತು. ಹಲವು ರಾಜ್ಯಗಳ ಅಭಯಾರಣ್ಯಗಳಿಗೆ ಸಂಬಂಧಿಸಿದ ಪ್ರಸ್ತಾವಗಳು ಅಂದಿನ ಕಾರ್ಯಸೂಚಿಯಲ್ಲಿದ್ದವು. ನಮ್ಮ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ (ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ವ್ಯವಸ್ಥೆ) ನೆಲ ಕೊರೆದು ಪರೀಕ್ಷಿಸುವ ಪ್ರಸ್ತಾವವೂ ಅವುಗಳಲ್ಲಿತ್ತು. ಅದೇ ತಿಂಗಳ 23ರಂದು ಅರಣ್ಯ ಸಲಹಾ ಸಮಿತಿಯ ಮುಂದೆ ಅರುಣಾಚಲದ ದಿಬಾಂಗ್ ಕಣಿವೆಯ 3,097 ಮೆಗಾವಾಟ್‌ನ ಎಟಾಲಿನ್ ಜಲವಿದ್ಯುತ್ ಯೋಜನೆ ಬಂದಿತು. ಲಾಕ್‌ಡೌನ್‌ಗೆ ಐದು ದಿನ ಮುಂಚೆ, ಮಾರ್ಚ್ 20ರಂದು, ಕರ್ನಾಟಕದ ರಾಜ್ಯ ವನ್ಯಜೀವಿ ಮಂಡಳಿ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತ್ತು. 164 ಕಿಲೋಮೀಟರ್ ಉದ್ದದ ಆ ಮಾರ್ಗಕ್ಕೆ ಬೇಕಾದ ಕಾಡು 595 ಹೆಕ್ಟೇರಿಗೂ ಹೆಚ್ಚು. ಜೂನ್‌ನಲ್ಲಿ ರಾಜ್ಯ ಹೈಕೋರ್ಟ್ ಅದಕ್ಕೆ ತಡೆ ಕೊಡಬೇಕಾಯಿತು. ಹಾಲು ತರಲು ಪಕ್ಕದ ಊರಿಗೆ ಹೋಗುವವನೂ ಪೊಲೀಸರಿಗೆ ಕಾರಣ ಹೇಳಬೇಕಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಯಾವ ತಜ್ಞ ಯಾವ ಕಾಡಿಗೆ ಹೋಗಿ ಏನನ್ನು ನೋಡಿ ಬರಲು ಸಾಧ್ಯವಿತ್ತು ಎಂದು ನನಗೆ ಇಂದಿಗೂ ತಿಳಿಯದು.

ಇದಕ್ಕೆಲ್ಲ ಕಳಶವಿಟ್ಟಂತೆ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ, ಅಂದರೆ ಯೋಜನೆಗೆ ಅನುಮತಿ ಕೊಡುವ ಮೊದಲು ಅದರಿಂದ ಪರಿಸರಕ್ಕಾಗುವ ಪರಿಣಾಮವನ್ನು ಅಳೆಯುವ ನಿಯಮದ, ಹೊಸ ಕರಡು ಬಂತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಜಾಗದಲ್ಲಿ ಕೂರಬೇಕಿದ್ದ ಈ ಕರಡು 2020ರ ಏಪ್ರಿಲ್ 11ರಂದು ಗೆಜೆಟ್‌ನಲ್ಲಿ ಪ್ರಕಟವಾಯಿತು. ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಆಕ್ಷೇಪಣೆಗೆ ಕೊಟ್ಟ ಅವಧಿ 60 ದಿನ. ಆ ಅರವತ್ತು ದಿನಗಳಲ್ಲಿ ನಮ್ಮೂರು ಹೇಗಿತ್ತು ಎಂಬುದನ್ನು ತಾವು ತಿಳಿಯಬೇಕು. ಅಂಚೆ ಬರುತ್ತಿರಲಿಲ್ಲ. ಪೇಟೆಯ ಸೈಬರ್ ಅಂಗಡಿ ಮುಚ್ಚಿತ್ತು. ಊರಿನಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ದೇವಸ್ಥಾನದ ಹಿಂದಿನ ಗುಡ್ಡದ ತುದಿಯಲ್ಲಿ ಮಾತ್ರ. ಮಳೆಗಾಲ ಹಿಡಿದು ಆನ್‌ಲೈನ್ ತರಗತಿ ಶುರುವಾದಾಗ ಮಕ್ಕಳು ಅಲ್ಲಿ ಅಡಿಕೆ ಸೋಗೆಯ ಚಪ್ಪರ ಹಾಕಿಕೊಂಡು, ಒಬ್ಬ ಛತ್ರಿ ಹಿಡಿದರೆ ಇನ್ನೊಬ್ಬ ಫೋನು ಹಿಡಿದು ಪಾಠ ಕೇಳುತ್ತಿದ್ದರು. ಕರಡಿನ ಪ್ರತಿ ನನಗೆ ಸಿಕ್ಕಿದ್ದೂ ಆ ಚಪ್ಪರದಲ್ಲೇ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಕಳಿಸಿದ ಇಂಗ್ಲಿಷ್ ಪಿಡಿಎಫ್ ಅದು. ಡೌನ್‌ಲೋಡ್ ಆಗಲು ಎರಡು ಸಂಜೆ ಹಿಡಿಯಿತು, ಓದಲು ಒಂದು ವಾರ. ವಿಜ್ಞಾನದ ಮೇಷ್ಟ್ರಿಗೇ ಒಂದು ವಾರವಾದರೆ ಪಕ್ಕದ ಮನೆಯ ರೈತನ ಗತಿಯೇನು?

ಪಕ್ಕದ ಮನೆಯವನ ಈ ಪ್ರಶ್ನೆಯೇ ನ್ಯಾಯಾಲಯಗಳ ಮುಂದೆಯೂ ಬಂತು. 2020ರ ಜೂನ್ 30ರಂದು ದೆಹಲಿ ಹೈಕೋರ್ಟ್ ಆಕ್ಷೇಪಣೆಯ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಕರಡನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಬೇಕೆಂದು ಹೇಳಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್, ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರವಾಗಿಲ್ಲ ಎಂಬ ಕಾರಣಕ್ಕೆ, ಸೆಪ್ಟೆಂಬರ್ 7ರವರೆಗೆ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆಯಿತು. ಹಿಂದಿ ಮತ್ತು ಇಂಗ್ಲಿಷಿನಲ್ಲಿ ಪ್ರಕಟಿಸಿದರೆ ಕಾನೂನಿನ ಪ್ರಕಾರ ಸಾಕು ಎಂಬುದು ಸರ್ಕಾರದ ವಾದವಾಗಿತ್ತು. ದೆಹಲಿಯ ಆದೇಶದ ವಿರುದ್ಧ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಕಾನೂನಿನ ಅಕ್ಷರದಲ್ಲಿ ಆ ವಾದ ಸರಿಯಿದ್ದೀತು. ಆದರೆ ಮಾನ್ಯರೇ, ತಮ್ಮ ಊರಿನ ಕಾಡು ಹೋಗುವ ಸುದ್ದಿಯನ್ನು ತಮ್ಮ ಭಾಷೆಯಲ್ಲಿ ಕೇಳುವ ಹಕ್ಕಿಗಾಗಿ ಜನ ಎರಡು ಹೈಕೋರ್ಟುಗಳಿಗೆ ಹೋಗಬೇಕಾಯಿತು, ಅದೂ ರೋಗದ ನಡುವೆ, ಎಂಬುದನ್ನು ತಮ್ಮ ಅಧಿಕಾರಿಗಳು ಒಮ್ಮೆ ಯೋಚಿಸಲಿ.

ಕರಡಿನಲ್ಲಿ ಇದ್ದದ್ದೇನು? ಸಾರ್ವಜನಿಕ ಅಹವಾಲಿಗೆ ಕೊಡುವ ಕಾಲಾವಕಾಶವನ್ನು 30 ದಿನದಿಂದ 20 ದಿನಕ್ಕೆ ಇಳಿಸುವುದು. ಅನುಮತಿ ಪಡೆಯದೆ ಕೆಲಸ ಆರಂಭಿಸಿದವರಿಗೆ ದಂಡ ಹಾಕಿ ಆಮೇಲೆ ಅನುಮತಿ ಕೊಡುವುದು. ಉಲ್ಲಂಘನೆಯನ್ನು ಉಲ್ಲಂಘಿಸಿದವನೇ ಹೇಳಿಕೊಳ್ಳಬಹುದು, ಸರ್ಕಾರಿ ಸಂಸ್ಥೆಗಳು ಹೇಳಬಹುದು. ಹೊಗೆ ಕುಡಿಯುವ ನೆರೆಯವನು ಹೇಳುವುದಕ್ಕೆ ಅಲ್ಲಿ ದಾರಿಯಿರಲಿಲ್ಲ. ಕರಡಿನ ಮೇಲೆ ಆಕ್ಷೇಪಣೆಗಳು ಬರುತ್ತಿದ್ದಾಗಲೇ, ಮೇ 7ರ ನಸುಕಿನಲ್ಲಿ, ವಿಶಾಖಪಟ್ಟಣದ ಕಾರ್ಖಾನೆಯೊಂದರಿಂದ ಸ್ಟೈರೀನ್ ಅನಿಲ ಸೋರಿ ಹನ್ನೆರಡು ಮಂದಿ ಸತ್ತರು. ಲಾಕ್‌ಡೌನ್‌ನಲ್ಲಿ ಮುಚ್ಚಿದ್ದ ಕಾರ್ಖಾನೆ ಅದು; ಪರಿಸರ ಅನುಮತಿಯಿಲ್ಲದೆ ನಡೆದಿತ್ತೆಂಬುದನ್ನು ಆ ಕಂಪನಿಯೇ 2019ರ ತನ್ನ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಒಪ್ಪಿಕೊಂಡಿತ್ತು. ಲಕ್ಷಗಟ್ಟಲೆ ಆಕ್ಷೇಪಣೆಗಳು ಬಂದ ಮೇಲೆ ಕರಡು ಅಂತಿಮವಾಗಲಿಲ್ಲ, ಅದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ಮುಂಬಾಗಿಲಿನಿಂದ ಬರಲಾಗದ್ದು ಹಿತ್ತಲ ಬಾಗಿಲಿನಿಂದ ಬಂತು: 2021ರ ಜುಲೈ 7ರ ಕಚೇರಿ ಜ್ಞಾಪನಪತ್ರವೊಂದು ಉಲ್ಲಂಘನೆಯ ಪ್ರಕರಣಗಳನ್ನು ನಿಭಾಯಿಸುವ ಕಾರ್ಯವಿಧಾನ ಎಂಬ ಹೆಸರಿನಲ್ಲಿ, ಕೆಲಸ ಆರಂಭಿಸಿದ ಮೇಲೆ ಅನುಮತಿ ಕೊಡುವ ಅದೇ ದಾರಿಯನ್ನು ತೆರೆಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದೇ ನವೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ನ್ಯಾಯಾಲಯದ ಮಾತಿಗೆ ನಾನು ಎದುರಾಡುವುದಿಲ್ಲ. ಸಚಿವಾಲಯ ತಾನಾಗಿಯೇ ಆ ದಾರಿ ಮುಚ್ಚಲು ಯಾವ ನ್ಯಾಯಾಲಯದ ಅಡ್ಡಿಯೂ ಇಲ್ಲ ಎಂದಷ್ಟೇ ಹೇಳುತ್ತೇನೆ.

ಗ್ಲಾಸ್ಗೋಗೆ ಮತ್ತೆ ಬರುತ್ತೇನೆ, ಏಕೆಂದರೆ ಅಲ್ಲಿಯ ಮಾತು ಸುತ್ತು ಹಾಕಿ ನಮ್ಮ ಕಣಿವೆಗೇ ಬಂದು ಮುಟ್ಟಿದೆ. 2021ರ ನವೆಂಬರ್ 1ರಂದು ಪ್ರಧಾನಿಯವರು 2030ರೊಳಗೆ 500 ಗಿಗಾವಾಟ್ ಪಳೆಯುಳಿಕೆಯೇತರ ವಿದ್ಯುತ್ ಸಾಮರ್ಥ್ಯ, 2070ಕ್ಕೆ ಇಂಗಾಲದ ನಿವ್ವಳ ಶೂನ್ಯ ಹೊರಸೂಸುವಿಕೆ ಎಂಬ ಭರವಸೆ ಕೊಟ್ಟರು. ಸೌರ ಮತ್ತು ಪವನ ವಿದ್ಯುತ್ತು ಹೆಚ್ಚಿದಂತೆ ಅದನ್ನು ಶೇಖರಿಸಿಡುವ ವ್ಯವಸ್ಥೆ ಬೇಕು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು 2,000 ಮೆಗಾವಾಟ್‌ನ ಭೂಗತ ವಿದ್ಯುದಾಗಾರ ಕಟ್ಟುವ ಯೋಜನೆಗೆ ಈಗ ಕೊಡುತ್ತಿರುವ ಸಮರ್ಥನೆ ಅದೇ. ಹವಾಮಾನ ಉಳಿಸಲು ಸಿಂಗಳೀಕಗಳ ಕಾಡು ಕಡಿಯಬೇಕೆಂಬ ಲೆಕ್ಕ ನನ್ನ ವಿಜ್ಞಾನಕ್ಕೆ ನಿಲುಕುವುದಿಲ್ಲ. ನಾನು ಸೌರಶಕ್ತಿಯ ವಿರೋಧಿಯಲ್ಲ. ನನ್ನ ಮನೆಯ ಮೇಲೂ ಎರಡು ಫಲಕಗಳಿವೆ. 2025ರ ಸೆಪ್ಟೆಂಬರ್‌ನಲ್ಲಿ ಈ ಯೋಜನೆಯ ಸಾರ್ವಜನಿಕ ಅಹವಾಲು ಸಭೆಗಳು ನಡೆದವು. ಗೇರುಸೊಪ್ಪೆಯ ಸಭೆಗೆ ನಾನೂ ಹೋಗಿದ್ದೆ. ಜೀವಮಾನದಲ್ಲಿ ಮೈಕು ಹಿಡಿಯದ ಹೆಂಗಸರು ಎದ್ದು ನಿಂತು ತಮ್ಮ ಬಾವಿ, ತಮ್ಮ ಗುಡ್ಡ, ತಮ್ಮ ದನದ ದಾರಿಯ ಬಗ್ಗೆ ಮಾತಾಡಿದರು. 2020ರ ಏಪ್ರಿಲ್‌ನ ವಿಡಿಯೊ ಸಭೆಗೆ ಕೇಳಿಸದೆ ಹೋದ ಧ್ವನಿಗಳು ಇವೇ. ಯೋಜನೆಯ ಪರಿಸರ ಪರಿಣಾಮದ ಪೂರ್ಣ ವರದಿ ಮಾತ್ರ ಇಂಗ್ಲಿಷಿನಲ್ಲಿ, ಸಾರಾಂಶವಷ್ಟೇ ಕನ್ನಡದಲ್ಲಿ. 2006ರ ನಿಯಮ ಕೇಳುವುದೇ ಅಷ್ಟನ್ನು.

ಗ್ಲಾಸ್ಗೋ ಸಭೆಗೆ ಗಡಿ ನಿರ್ಬಂಧಗಳಿಂದಾಗಿ ಪೆಸಿಫಿಕ್ ದ್ವೀಪಗಳ ಹಲವು ನಾಯಕರು ಬರಲಾಗಲಿಲ್ಲ. ಟುವಾಲು ದೇಶದ ವಿದೇಶಾಂಗ ಸಚಿವರು ಮೊಣಕಾಲುದ್ದ ಸಮುದ್ರದಲ್ಲಿ ನಿಂತು ಮಾಡಿದ ಭಾಷಣದ ವಿಡಿಯೊ ಕಳಿಸಿದರು. ಜಗತ್ತು ಅದನ್ನು ನೋಡಿತು. ಗುಡ್ಡದ ತುದಿಯ ಚಪ್ಪರದಿಂದ ನಮ್ಮ ಮಕ್ಕಳೂ ಮಾತಾಡಬಹುದಿತ್ತು. ಅವರನ್ನು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಇನ್ನೊಂದು ವಿಷಯದಲ್ಲಿ ನಮ್ಮ ಕಡೆಯವರಿಗೆ ದೆಹಲಿಗಿಂತ ಹೆಚ್ಚಿನ ಅನುಭವವಿದೆ. ಕಾಡಿನಿಂದ ಮನುಷ್ಯನಿಗೆ ರೋಗ ದಾಟುವುದನ್ನು ನಾವು ಕೋವಿಡ್‌ನಿಂದ ಕಲಿಯಬೇಕಾಗಿರಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಪ್ರತಿ ಬೇಸಿಗೆಯಲ್ಲೂ ನಮ್ಮ ಬಾಗಿಲಿಗೆ ಬರುತ್ತದೆ. 2019ರ ಆರಂಭದಲ್ಲಿ ಶರಾವತಿ ಹಿನ್ನೀರಿನ ಕಡೆಯ ಅರಳಗೋಡಿನಲ್ಲಿ ಅದು ಹಲವರ ಜೀವ ತೆಗೆಯಿತು. 2020ರ ಬೇಸಿಗೆಯಲ್ಲಿ ಕೊರೊನಾ ಸುದ್ದಿಯ ನಡುವೆಯೇ ಆಶಾ ಕಾರ್ಯಕರ್ತೆಯರು ಒಂದು ಕೈಯಲ್ಲಿ ಮಾಸ್ಕ್, ಇನ್ನೊಂದು ಕೈಯಲ್ಲಿ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡಿಎಂಪಿ ತೈಲದ ಶೀಶೆ ಹಿಡಿದು ಮನೆಮನೆ ತಿರುಗಿದರು. ಕಾಡು ತುಂಡಾದಲ್ಲಿ, ದನ, ಮಂಗ, ಮನುಷ್ಯರ ಓಡಾಟ ಒಂದೇ ಅಂಚಿನಲ್ಲಿ ಬೆರೆತಲ್ಲಿ ಉಣುಗಿಗೆ ಸುಗ್ಗಿ. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ಸಾಂಕ್ರಾಮಿಕ ಒಪ್ಪಂದವು ಮನುಷ್ಯರು, ಪ್ರಾಣಿಗಳು ಮತ್ತು ಪರಿಸರದ ಆರೋಗ್ಯವನ್ನು ಒಂದೇ ಎಂದು ನೋಡಬೇಕೆನ್ನುತ್ತದೆ. ಹೀಗಿರುವಾಗ, ಕಾಡಿನೊಳಗೆ ರಸ್ತೆ, ಸುರಂಗ, ಕಾರ್ಮಿಕರ ವಸತಿ ಬಂದರೆ ರೋಗ ಯಾವ ಕಡೆಗೆ ಹರಿದೀತು ಎಂಬ ಒಂದು ಅಧ್ಯಾಯ ಪರಿಸರ ಪರಿಣಾಮ ವರದಿಯಲ್ಲಿ ಕಡ್ಡಾಯವಾಗಿ ಇರಬೇಡವೇ?

ಕಸದ ಬಗ್ಗೆ ಎರಡೇ ಮಾತು. ವಿಶ್ವಸಂಸ್ಥೆಯ ಮೂಲಕ ಪೂರೈಕೆಯಾದ ರಕ್ಷಣಾ ಉಡುಪು, ಕೈಗವಸು, ಮಾಸ್ಕ್‌ಗಳ ತೂಕವೇ ಸುಮಾರು 87,000 ಟನ್ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು. ನಮ್ಮ ಭಾಗದ ಹೊಳೆಯಂಚಿನ ಮುಳ್ಳುಕಂಟಿಗಳಲ್ಲಿ ನೀಲಿ ಮಾಸ್ಕುಗಳು ಎರಡು ಮಳೆಗಾಲ ಕಳೆದರೂ ನೇತಾಡುತ್ತಿದ್ದವು. ರೋಗಿಗಳ ಕಸವನ್ನು ಹಳದಿ ಚೀಲದಲ್ಲಿ ಬೇರೆಯಾಗಿ ಹಾಕುವ ನಿಯಮ ಪಟ್ಟಣದ ಆಸ್ಪತ್ರೆಗೆ ಇತ್ತು. ಹಳ್ಳಿಯ ಮನೆಯಲ್ಲಿ ಪ್ರತ್ಯೇಕವಾಗಿದ್ದ ರೋಗಿಯ ಕಸ ಒಯ್ಯಲು ನಮ್ಮಲ್ಲಿ ಗಾಡಿ ಬರಲಿಲ್ಲ. ಮುಂದಿನ ಸಲಕ್ಕಾದರೂ ಗ್ರಾಮ ಪಂಚಾಯಿತಿಗೆ ಇದರ ಹಣ ಮತ್ತು ಹೊಣೆ ಎರಡನ್ನೂ ಮೊದಲೇ ಕೊಟ್ಟಿಡಬೇಕು.

ಇಷ್ಟು ಹೇಳಿದ ಮೇಲೆ ನಾನು ಕೇಳುವುದು ಹೆಚ್ಚೇನಲ್ಲ. ಸಾಂಕ್ರಾಮಿಕವೋ ಪ್ರವಾಹವೋ ಬಂದು ಜನರ ಓಡಾಟವನ್ನು ಸರ್ಕಾರವೇ ನಿರ್ಬಂಧಿಸಿದ ಅವಧಿಯಲ್ಲಿ ಅರಣ್ಯ ಮತ್ತು ವನ್ಯಜೀವಿ ಅನುಮತಿಗಳನ್ನು ಕೊಡುವಂತಿಲ್ಲ, ಆಕ್ಷೇಪಣೆಯ ದಿನಗಳನ್ನು ಎಣಿಸುವಂತಿಲ್ಲ ಎಂಬ ನಿಯಮವನ್ನು ಅಧಿಸೂಚನೆಯಲ್ಲೇ ಸೇರಿಸಿ. ಹವಾಮಾನ ಮಾತುಕತೆಯಲ್ಲಿ ದೂರದ ರಾಷ್ಟ್ರಗಳಿಗೆ ಸಿಕ್ಕ ನ್ಯಾಯ ಇದು. ದೇಶದೊಳಗಿನ ದೂರದ ಹಳ್ಳಿಗೂ ಸಿಗಲಿ. 2020ರ ಮಾರ್ಚ್‌ನಿಂದ 2021ರ ಕೊನೆಯವರೆಗೆ ವಿಡಿಯೊ ಸಭೆಗಳಲ್ಲಿ ಒಪ್ಪಿಗೆ ಪಡೆದು ಇನ್ನೂ ಕೆಲಸ ಆರಂಭವಾಗದ ಯೋಜನೆಗಳ ಪಟ್ಟಿಯನ್ನು ಪ್ರಕಟಿಸಿ, ಪ್ರತಿಯೊಂದಕ್ಕೂ ಸ್ಥಳ ಪರಿಶೀಲನೆ ನಡೆದಿತ್ತೇ ಇಲ್ಲವೇ ಎಂಬುದನ್ನು ಎದುರಿಗೆ ಬರೆಯಿರಿ. ನಡೆಯದಿದ್ದರೆ ಈಗ ನಡೆಸಿ. ಕರಡು ನಿಯಮಗಳ ಆಕ್ಷೇಪಣೆಯ ಅವಧಿ ಗೆಜೆಟ್ ಪ್ರಕಟಣೆಯ ದಿನದಿಂದಲ್ಲ, ಆಯಾ ಭಾಷೆಯ ಅನುವಾದ ಹೊರಬಂದ ದಿನದಿಂದ ಆರಂಭವಾಗಲಿ. ಪರಿಣಾಮ ವರದಿಯ ಸಾರಾಂಶವಷ್ಟೇ ಅಲ್ಲ, ಪೂರ್ಣ ವರದಿಯೂ ಕನ್ನಡದಲ್ಲಿ ಬರಲಿ. ಹವಾಮಾನ ಕಾರ್ಯದಲ್ಲಿ ಸಾರ್ವಜನಿಕರ ಪಾಲ್ಗೊಳ್ಳುವಿಕೆ ಮತ್ತು ಮಾಹಿತಿಯ ಲಭ್ಯತೆಯ ಬಗ್ಗೆ ಪ್ಯಾರಿಸ್ ಒಪ್ಪಂದದ 12ನೆಯ ವಿಧಿ ಹೇಳುತ್ತದೆ, ಅದಕ್ಕೆ ನಾವು ಸಹಿ ಹಾಕಿದ್ದೇವೆ. ಮುಂದಿನ ಶೃಂಗಸಭೆಗಳಲ್ಲಿ ದೇಶದ ಹೆಸರಿನಲ್ಲಿ ಕೊಡುವ ಗುರಿಗಳ ಕರಡನ್ನು ಮೊದಲು ದೇಶದ ಜನರಿಗೆ ಓದಲು ಕೊಡಿ.

ನಮ್ಮ ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಸೂಚನಾ ಫಲಕವಿದೆ. ಅದರಲ್ಲಿ ಈಗ ನೀರಿನ ತೆರಿಗೆ ಬಾಕಿದಾರರ ಪಟ್ಟಿಯೂ 2020ರ ಒಂದು ಕೊರೊನಾ ಜಾಗೃತಿ ಚಿತ್ರವೂ ಅಂಟಿಕೊಂಡಿವೆ. ಉಳಿದ ಜಾಗ ಖಾಲಿಯಿದೆ. ತಮ್ಮ ಸಚಿವಾಲಯದ ಮುಂದಿನ ಕರಡಿನ ಕನ್ನಡ ಪ್ರತಿಯೊಂದನ್ನು ಅಂಚೆಯಲ್ಲಿ ಕಳಿಸಿಕೊಟ್ಟರೆ, ಅದನ್ನು ಅಲ್ಲಿ ಹಚ್ಚಿ, ಓದಲು ಬಾರದವರಿಗೆ ಓದಿ ಹೇಳಿ, ಅವರು ಹೇಳಿದ್ದನ್ನು ಬರೆದು ತಮಗೆ ಕಳಿಸುವ ಕೆಲಸವನ್ನು ನಾನು ಸಂಬಳವಿಲ್ಲದೆ ಮಾಡುತ್ತೇನೆ.

ಗೌರವಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ,
ಶರಾವತಿ ಕಣಿವೆಯ ಒಬ್ಬ ನಿವೃತ್ತ ಶಿಕ್ಷಕ